ಕಣ್ಣಿರುವ ಹೋಳು

ಕಪ್ಪು ಪರದೆಯ ಮೇಲೆ ಒಂದೇ ಒಂದು ಬಿಳಿ ಸಾಲು:
ಬೂಟ್ ಆಗಲು ಏನೂ ಸಿಗಲಿಲ್ಲ, ಏನಾದರೂ ಸಿಕ್ಕಿಸಿ, ಕೀ ಒತ್ತಿ.
ಒತ್ತಿದೆ. ಅದೇ ಸಾಲು ಕೆಳಗೆ ಇನ್ನೊಮ್ಮೆ.
ಮತ್ತೆ ಒತ್ತಿದೆ. ಮತ್ತೆ.
ಪರದೆ ತುಂಬ ಒಂದೇ ಮಾತು ಬೆಳೆಯಿತು,
ಸಾಲ ಕೇಳಲು ಬಂದವನಿಗೆ ನಮ್ಮ ಶೆಟ್ಟರು ಹೇಳುವ ಹಾಗೆ.

ಹಾಸನದ ಎಪಿಎಂಸಿ ಯಾರ್ಡು, ಮೇ ತಿಂಗಳ ಎರಡನೇ ವಾರ.
ಜಲಂಧರದ ಲಾರಿಗಳು ರಾತ್ರಿಯೇ ಬಂದು ನಿಂತಿವೆ.
ಬಿತ್ತನೆ ಗಡ್ಡೆಯ ಮೂಟೆ ಬಿಚ್ಚುವ ಹೊತ್ತಿಗೆ ಸರಿಯಾಗಿ
ಮಂಡಿಯ ಲೆಕ್ಕವೆಲ್ಲ ಆ ಡಬ್ಬಿಯೊಳಗೆ
ಅಗಣಿ ಹಾಕಿಕೊಂಡು ಕೂತಿದೆ.

ನನಗೂ ಅಷ್ಟಿಷ್ಟು ಗೊತ್ತು ಅಂದುಕೊಂಡಿದ್ದೆ.
ಟ್ರ್ಯಾಕ್ಟರ್ ಕಂಪನಿಯವರು ಕೊಟ್ಟ ಪೆನ್‌ಡ್ರೈವ್, ಟ್ರ್ಯಾಕ್ಟರಿನದೇ ಆಕಾರ,
ಮುಂದಿನ ಚಕ್ರ ಒಂದು ಉದುರಿದೆ.
ಮೊಬೈಲ್ ಅಂಗಡಿಯಲ್ಲಿ ಅದಕ್ಕೆ ಫೈಲ್ ಹಾಕಿಸಿಕೊಂಡು ಬಂದೆ,
ಮದುವೆ ವಿಡಿಯೊ ಹಾಕಿಸಿಕೊಳ್ಳುವ ಹಾಗೆ, ಎಳೆದು, ಬಿಟ್ಟು.
ಎರಡೂವರೆ ಜಿಬಿ. ತೂಕ ಸರಿಯಿತ್ತು.
ತೂಕ ಸರಿಯಿದ್ದರೆ ಸರಕು ಸರಿ ಅನ್ನುವುದು ಮಂಡಿಯವರ ನಂಬಿಕೆ.

ಹತ್ತೂಕಾಲಿಗೆ ರಿಪೇರಿಗೆ ತಬಸ್ಸುಮ್ ಬಂದಳು,
ಹೆಲ್ಮೆಟ್ಟನ್ನು ತಕ್ಕಡಿಯ ಮೇಲಿಟ್ಟಳು
(ಎಂಟುನೂರ ಎಪ್ಪತ್ತು ಗ್ರಾಂ).
ಡಬ್ಬಿಯ ಮುಂದಿನ ಕಿಂಡಿಗೆ ಊದಿದಳು. ಪಂಜಾಬಿನ ಮಣ್ಣು ಹಾರಿತು.
"ಇದು ಲೂಸಾಗಿದೆ. ಹಿಂದಿಂದ ಹಾಕೋಣ."
ಆನ್ ಮಾಡಿ ಎಫ್ ಹನ್ನೆರಡನ್ನು ಟಕಟಕ ಬಡಿದಳು.
ತಪ್ಪಿತು. ಆಫ್. ಮತ್ತೆ ಬಡಿತ.
ಕಂಪನಿಯ ಹೆಸರು ಮಿಂಚಿ ಮಾಯವಾಗುವ ಆ ಎರಡು ಸೆಕೆಂಡು
ಹರಾಜಿನ ಕೊನೆಯ ಕೂಗಿನ ಹಾಗೆ:
ಆಗ ಕೈ ಎತ್ತದವನು ಆಮೇಲೆ ಎಷ್ಟು ಕೂಗಿ ಏನು?

ಮೂರನೇ ಸಲಕ್ಕೆ ನೀಲಿ ಪಟ್ಟಿ ತೆರೆಯಿತು.
ಸರದಿಯಲ್ಲಿ ಮೊದಲು ನಿಂತಿದ್ದು ತಲೆಕೆಟ್ಟ ಹಾರ್ಡ್‌ಡಿಸ್ಕು.
ಅದನ್ನು ಕೆಳಕ್ಕೆ ತಳ್ಳಿ ಟ್ರ್ಯಾಕ್ಟರನ್ನು ಮೇಲೆ ತಂದಳು.
ಸೆಕ್ಯೂರ್ ಬೂಟ್ ಎಂಬ ಕಾವಲುಗಾರನಿಗೆ ರಜೆ ಕೊಟ್ಟಳು.

ಅದೇ ಬಿಳಿ ಸಾಲು.

ಪೆನ್‌ಡ್ರೈವನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿ ನೋಡಿ ನಕ್ಕಳು.
"ಅಣ್ಣ, ಇದು ಬರೀ ಕಾಪಿ. ಫೈಲ್ ಇದೆ, ಬೂಟ್ ಇಲ್ಲ.
ಇದನ್ನ ಪೆನ್‌ಡ್ರೈವ್ ಮೇಲೆ ಬರೀಬೇಕು, ಮೊದಲಿಂದ, ಪೂರ್ತಿ."
ಇಡುವುದಕ್ಕೂ ಬರೆಯುವುದಕ್ಕೂ ಏನು ವ್ಯತ್ಯಾಸ?
ಎರಡು ಸಲ ಹೇಳಿದಳು. ಎರಡು ಸಲ ತಲೆಯಾಡಿಸಿದೆ.

ಗೋಡೆಗೊರಗಿ ಶೆಟ್ಟರ ಸ್ವಂತ ಹೊಲಕ್ಕೆಂದು
ಗಡ್ಡೆ ಹೋಳು ಮಾಡುತ್ತಿದ್ದ ಹೊಂಬಾಳಮ್ಮ
ಚಾಕು ನಿಲ್ಲಿಸದೆ ಅಂದಳು:
"ಕಣ್ಣು ಬಿಟ್ಟು ಕುಯ್ದಿದ್ದೀಯ ಕಣಪ್ಪ.
ಸಾರಿಗೆ ಆಯ್ತದೆ ಆ ಹೋಳು. ನೆಟ್ರೆ ಕೊಳೀತದೆ."

ತಬಸ್ಸುಮ್ ತಲೆ ಎತ್ತಿ ಆಕೆಯನ್ನೇ ನೋಡಿದಳು.

ಹದಿನೇಳು ನಿಮಿಷ ಬರೆಯಿತು. ಟೀ ಬಂದು ಆರಿತು.
ಈ ಸಲ ಪರದೆ ಯೋಚಿಸಿತು, ಚುಕ್ಕಿ, ಇನ್ನೊಂದು ಚುಕ್ಕಿ,
ಆಮೇಲೆ ಯಾರದೋ ಮನೆಯ ಪಡಸಾಲೆಯಂತೆ ಬೇರೆಯೇ ಬಣ್ಣ.
ಅಲ್ಲಿಂದ ಹಣಕಿದರೆ ನಮ್ಮ ಹಳೇ ಡಿ ಡ್ರೈವು,
ಐದು ವರ್ಷದ ಲೆಕ್ಕ,
ನಾನೇ ತಪ್ಪು ಕಾಗುಣಿತದಲ್ಲಿ ಇಟ್ಟ ಹೆಸರುಗಳು.

ಶೆಟ್ಟರು ಕನ್ನಡಕ ಏರಿಸಿ ಕೂಲಿಯ ಹಾಳೆ ತೆಗೆಸಿದರು.
ಹೊಂಬಾಳಮ್ಮ: ಮೂವತ್ತೆಂಟು ದಿನ.

ಆಕೆ ಮಾತಾಡಲಿಲ್ಲ. ಚಾಕುವಿನ ತುದಿಯಿಂದ ಬೆನ್ನ ಹಿಂದಿನ ಗೋಡೆ ತೋರಿದಳು.
ಇದ್ದಿಲಿನ ಗೀಟು. ಐದೈದರ ಕಟ್ಟು ಎಂಟು, ಪಕ್ಕದಲ್ಲಿ ಒಂಟಿ ಒಂದು.

ಮೂರು ದಿನ ಎಲ್ಲಿ ಹೋದವೆಂದು ಯಂತ್ರಕ್ಕೆ ಗೊತ್ತಿಲ್ಲ.
ನನಗೆ ಗೊತ್ತು. ತಂಗಿಯ ನಿಶ್ಚಿತಾರ್ಥಕ್ಕೆ ಆಲೂರಿಗೆ ಹೋಗಿದ್ದೆ,
ಬಂದಮೇಲೆ ಕೇಳಿ ತುಂಬಿಸಬೇಕಿತ್ತು.
ಶೆಟ್ಟರು ಗೋಡೆ ನೋಡಿದರು, ನನ್ನನ್ನು ನೋಡಿದರು,
ಲಾರಿ ಹಾರ್ನು ಹಾಕಿತೆಂದು ಎದ್ದು ಹೋದರು.

"ಟ್ರ್ಯಾಕ್ಟರ್ ಈಗಲೇ ಕೀಳಬೇಡಿ, ಎಲ್ಲ ನಿಂತೋಗ್ತದೆ"
ಅಂದಳು ತಬಸ್ಸುಮ್, ಹೆಲ್ಮೆಟ್ಟು ಎತ್ತಿಕೊಳ್ಳುತ್ತ.
ತಕ್ಕಡಿ ಸೊನ್ನೆಗೆ ಬಂತು.

ನಲವತ್ತೊಂದು ಎಂದು ಒತ್ತಿದೆ.
ಒಂದರ ಕೀಯೊಳಗೂ ಮಣ್ಣು ಕೂತಿತ್ತು,
ಎರಡು ಸಲ ಒತ್ತಬೇಕಾಯಿತು.